ಹ್ಯಾಂಡಲ್ ಕತ್ತಿಗೆ ಕಟ್ಟಿದ ಮುಡುಪು

ಆಗ ನನಗೆ ನಲವತ್ತೇಳು. ಇದು ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಹಿರಿಯೂರಿನಲ್ಲಿ ಹೆದ್ದಾರಿ ಬದಿಗೆ ನಮ್ಮ ಅಣ್ಣನ ಸೈಕಲ್ ಅಂಗಡಿ ಇತ್ತು. ಗಂಡ ತೀರಿಕೊಂಡ ಮೇಲೆ ನಾನು ಹರಿಯಬ್ಬೆಯಿಂದ ಬಂದು ಅಣ್ಣನ ಮನೆಯಲ್ಲೇ ಇದ್ದೆ. ಕೂತು ಉಣ್ಣುವುದು ನನಗೆ ಆಗದ ಕೆಲಸ. ಪಂಕ್ಚರ್ ಹಾಕುವುದು, ಚಕ್ರದ ಬೆಂಡ್ ತೆಗೆಯುವುದು, ರಿಪೇರಿಯಾದ ಸೈಕಲನ್ನು ಮನೆಮನೆಗೆ ಓಡಿಸಿಕೊಂಡು ಹೋಗಿ ಮುಟ್ಟಿಸುವುದು, ಇಷ್ಟು ನನ್ನ ಪಾಲಿಗೆ ಬಂತು. ಸೀರೆ ಎತ್ತಿ ಕಟ್ಟಿ ಸೈಕಲ್ ತುಳಿಯುವ ಹೆಂಗಸನ್ನು ನೋಡಿ ಮೊದಮೊದಲು ಜನ ನಕ್ಕರು. ಆಮೇಲೆ ಅವರ ಸೈಕಲ್ಲುಗಳೂ ಕೆಟ್ಟವು, ನಗು ನಿಂತಿತು.

ಅಣ್ಣನಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಒಂದೇ ಹುಚ್ಚು, ಫ್ರಾನ್ಸ್ ದೇಶದ ಹಳೆಯ ಸೈಕಲ್. ಆ ದೇಶ ಯಾವ ದಿಕ್ಕಿಗಿದೆಯೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಪಾಂಡಿಚೇರಿಗೆ ಈರುಳ್ಳಿ ಸಾಗಿಸುವ ಲಾರಿ ಡ್ರೈವರೊಬ್ಬ ನಮ್ಮ ಅಂಗಡಿ ಎದುರಿಗೆ ನಿಲ್ಲಿಸಿ ಟೀ ಕುಡಿಯುತ್ತಿದ್ದ. ಆ ಊರನ್ನು ಹಿಂದೆ ಫ್ರೆಂಚರು ಆಳಿದ್ದರಂತೆ. ಅವರು ಬಿಟ್ಟುಹೋದ ಸೈಕಲ್‌ಗಳು ಅಲ್ಲಿಯ ಗುಜರಿ ಅಂಗಡಿಗಳಲ್ಲಿ ಬಿದ್ದಿರುತ್ತಿದ್ದವಂತೆ. ವಾಪಸ್ ಬರುವಾಗ ಖಾಲಿ ಲಾರಿಯಲ್ಲಿ ಒಂದನ್ನು ಹಾಕಿಕೊಂಡು ಬಂದ. ಅಣ್ಣ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದ. ನಮ್ಮ ಸೈಕಲ್ಲಿನ ಅರ್ಧ ತೂಕವೂ ಇರಲಿಲ್ಲ. ಅಲ್ಲಿಗೆ ಅವನ ಕಥೆ ಮುಗಿಯಿತು. ವರ್ಷಕ್ಕೆ ಒಂದೋ ಎರಡೋ ಬರತೊಡಗಿದವು. ಅಂಗಡಿಯ ಅಟ್ಟ ತುಂಬಿ, ಮನೆಯ ಪಡಸಾಲೆ ತುಂಬಿತು. ಅತ್ತಿಗೆ ರಾಗಿ ಚೀಲ ಇಡಲು ಜಾಗವಿಲ್ಲದೆ ಅವನ್ನು ಒದೆಯುತ್ತಾ ಓಡಾಡುತ್ತಿದ್ದಳು.

ರಿಪೇರಿ ಮಾಡುವುದೇನೂ ಸುಲಭವಲ್ಲ. ಆ ಸೈಕಲ್‌ಗಳ ಬೋಲ್ಟು ತಿರುಗುವ ಸುತ್ತುಗೆರೆ, ಅಂದರೆ ಮರೆ, ಬೇರೆ, ಅಳತೆ ಬೇರೆ. ನಮ್ಮ ಬೋಲ್ಟ್ ಅದಕ್ಕೆ ಕೂರುವುದಿಲ್ಲ, ಅದರದು ನಮಗೆ ಕೂರುವುದಿಲ್ಲ. ಪೆಡಲಿನ ಅಚ್ಚು ತಿರುಗುವ ಕಡೆ ಗುಂಡುಗಳು ಕೂರುವ ಬಲಗಡೆಯ ಬಟ್ಟಲನ್ನು ನಮ್ಮ ಸೈಕಲ್ಲಿನಲ್ಲಿ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅದರಲ್ಲಿ ಹಾಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಅಣ್ಣ ಮೊದಲನೆಯದನ್ನು ಹೀಗೇ ತಿರುಗಿಸಿ ತಿರುಗಿಸಿ ಸೀಳಿಬಿಟ್ಟ. ಟೈರ್ ಮಾತ್ರ ನಮ್ಮ ಅಂಗಡಿಯ ಇಪ್ಪತ್ತಾರು ಒಂದೂವರೆ ಸರಿಯಾಗಿ ಕೂರುತ್ತಿತ್ತು. ತುಕ್ಕಿಗೆ ಸೀಮೆಎಣ್ಣೆ, ಹಿಡಿದುಕೊಂಡ ಬೋಲ್ಟಿಗೆ ಕೊಬ್ಬರಿಎಣ್ಣೆ ಬಿಟ್ಟು ವಾರ ಕಾಯುವುದು, ಅಲ್ಯುಮಿನಿಯಂಗೆ ಹುಣಸೆಹಣ್ಣು ಮತ್ತು ಬೂದಿ. ಹುಣಸೆಹಣ್ಣಿನ ಕೆಲಸ ನನ್ನದು.

ನನಗೂ ಒಂದು ಹೆಂಗಸರ ಸೈಕಲ್ ಕೊಟ್ಟಿದ್ದ. ಅದು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಬಬ್ಬೂರಿನ ರಸ್ತೆಯಲ್ಲಿ ಬೆಳಗಿನ ಹೊತ್ತು ತುಳಿದರೆ ಸೈಕಲ್ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು.

ಆ ವರ್ಷ ಬೂದುಬಣ್ಣದ ಒಂದು ಬಂತು. ಅದು ಬಂದ ದಿನವೇ ನನಗೆ ಹಿಡಿಸಲಿಲ್ಲ. ಮೈಯೆಲ್ಲಾ ಅಲ್ಯುಮಿನಿಯಂ, ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಆದರೆ ಹ್ಯಾಂಡಲಿನ ಬಲತುದಿ ಕಲ್ಲಿಗೆ ಉಜ್ಜಿದಂತೆ ತೇದಿತ್ತು. ಪೆಡಲಿನ ಅದೇ ಮಗ್ಗುಲೂ ತೇದಿತ್ತು. ಮುಂದಿನ ಚಕ್ರ ಹಿಡಿಯುವ ಫೋರ್ಕು ಒಮ್ಮೆ ಬಗ್ಗಿದ್ದನ್ನು ಯಾರೋ ನೆಟ್ಟಗೆ ಮಾಡಿದ್ದರು.

ಡ್ರೈವರನ್ನು ಕೇಳಿದೆ. "ಇದರ ಯಜಮಾನ ಏನಾದ?"

"ನಂಗೇನು ಗೊತ್ತಕ್ಕ. ಮನೆಯೋರು ಚೌಕಾಸಿ ಮಾಡ್ಲಿಲ್ಲ. ತಗಂಡೋಗಪ್ಪ, ಬಾಗಿಲಾಗೆ ಇದನ್ನ ನೋಡಕ್ಕಾಗಲ್ಲ ಅಂದ್ರು."

"ಯಾಕೆ ಅಂತ ಕೇಳಲಿಲ್ವ?"

"ಲಾರಿ ಎಂಜಿನ್ ಆನ್ ಇತ್ತು."

ಅಣ್ಣ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಆಗಲೇ ಸೈಕಲ್ ಮುಂದೆ ಮಂಡಿಯೂರಿದ್ದ.

ಹೊಸದುರ್ಗದಲ್ಲಿ ಅಣ್ಣನಂಥವನೇ ಇನ್ನೊಬ್ಬನಿದ್ದ, ಕೊಬ್ಬರಿ ವ್ಯಾಪಾರಿ. ದಪ್ಪ ಮನುಷ್ಯ, ಬಾಯಿ ತುಂಬಾ ನಗು. ಅಣ್ಣನ ಕೈಯಿಂದ ಇಂಥದೇ ಒಂದು ಸೈಕಲ್ ಮಾಡಿಸಿಕೊಂಡು ಹೋಗಿದ್ದ. ಅವರಿಬ್ಬರೂ ಸೇರಿ ಒಂದು ಲೆಕ್ಕ ಹಾಕಿದರು. ಹಿರಿಯೂರಿನಿಂದ ಹೊರಟು ಕಣಿವೆ ದಾಟಿ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ, ಮತ್ತೆ ಹಿರಿಯೂರು. ನಾಲ್ಕು ಊರು ಸುತ್ತಿ ಬರುವುದು. ನನ್ನನ್ನೂ ಕರೆದರು. ದಾರಿಯಲ್ಲಿ ಪಂಕ್ಚರ್ ಆದರೆ ಹಾಕಲು ಯಾರಾದರೂ ಬೇಕಲ್ಲ.

ತೊಡಕಾದದ್ದು ದಿನದ್ದು. ನಮ್ಮ ಅಂಗಡಿಗೆ ಅಮಾವಾಸ್ಯೆ ಬಿಟ್ಟರೆ ರಜೆ ಇಲ್ಲ. ಅಮಾವಾಸ್ಯೆಯಂದು ಸ್ಪ್ಯಾನರ್ ಮುಟ್ಟುವುದಿಲ್ಲ, ಪೂಜೆ ಮಾಡಿ ಬಾಗಿಲು ಹಾಕುತ್ತೇವೆ. ಅಣ್ಣ ಅವತ್ತೇ ಹೊರಡುವುದು ಎಂದ. ಅತ್ತಿಗೆ ಹಾರಾಡಿದಳು.

"ಅಮಾಸೆ ದಿನ ಯಾವ ಮುಟ್ಟಾಳ ಪರಸ್ಥಳಕ್ಕೆ ಹೊಂಡ್ತಾನ್ರಿ? ಎತ್ತಿನ ಕುತ್ತಿಗೆಗೂ ನೊಗ ಹಾಕಲ್ಲ ಜನ!"

"ನಾನು ಎತ್ತಲ್ಲ," ಎಂದ ಅಣ್ಣ.

"ಅದಕ್ಕಾದ್ರೂ ಬುದ್ಧಿ ಐತೆ."

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಬೂದು ಸೈಕಲ್ಲಿಗೆ ಹುಣಸೆಹಣ್ಣು ಉಜ್ಜುತ್ತಿದ್ದೆ. ಹ್ಯಾಂಡಲನ್ನು ಹಿಡಿದು ಫೋರ್ಕಿನೊಳಗೆ ಇಳಿಯುವ ಭಾಗಕ್ಕೆ ನಾವು ಕತ್ತು ಎನ್ನುತ್ತಿದ್ದೆವು. ನಮ್ಮ ಸೈಕಲ್‌ಗಳಲ್ಲಿ ಅದು ಕಬ್ಬಿಣ, ನನ್ನ ಹೆಂಗಸರ ಸೈಕಲ್ಲಿನಲ್ಲೂ ಕಬ್ಬಿಣ, ಇದರಲ್ಲಿ ಅಲ್ಯುಮಿನಿಯಂ. ಆ ಕತ್ತಿನ ಬುಡದಲ್ಲಿ ಕೂದಲಿನಂಥ ಒಂದು ಕರಿ ಗೆರೆ ಕಂಡಿತು. ಉಜ್ಜಿದೆ, ಹೋಗಲಿಲ್ಲ. ಉಗುರಿನಿಂದ ಗೀರಿ ನೋಡಿದೆ, ಉಗುರು ಸಿಕ್ಕಿಕೊಂಡಿತು.

"ಅಣ್ಣ, ಕತ್ತು ಬಿರುಕು ಬಿಟ್ಟೈತೆ."

ಅವನು ಹೆಬ್ಬೆರಳಿನಿಂದ ಒರೆಸಿ ನೋಡಿದ. "ಹುಣಸೆಹಣ್ಣಿನ ಕಲೆ ಅದು."

"ಕಲೆಗೆ ಉಗುರು ಸಿಗಲ್ಲ."

"ಬಿಡೇ, ಸಂಜೆ ಬಿಚ್ಚಿ ನೋಡ್ತೀನಿ."

"ನೋಡೋದೇನು, ನಮ್ಮ ಕಬ್ಬಿಣದ್ದು ಒಂದು ಹಾಕು. ಒಂಚೂರು ದಪ್ಪ ಐತೆ, ಅರದಲ್ಲಿ ತೇದು ಕೂರಿಸ್ತೀನಿ."

"ಇದಕ್ಕೆ ಆ ಕಬ್ಬಿಣ ಕೂರಿಸಿದ್ರೆ ಹಸುಗೆ ಕತ್ತೆ ಮೂತಿ ಇಟ್ಟಂಗೆ. ಈ ಸೈಕಲ್ಲಾಗೆ ಒಂದು ದೇಸಿ ಬೋಲ್ಟಿಲ್ಲ, ಗೊತ್ತಾ?"

"ಟೈರು?"

"ಟೈರು ಲೆಕ್ಕಕ್ಕಿಲ್ಲ," ಎಂದು ಗಿರಾಕಿಯ ಕಡೆ ತಿರುಗಿದ.

ಮಧ್ಯಾಹ್ನ ಸೈಕಲ್ಲನ್ನು ಮನೆಗೆ ತಂದು ನಿಲ್ಲಿಸಿದ್ದೆ. ಸಂಜೆ ನಾವು ಮನೆಗೆ ಬರುವಷ್ಟರಲ್ಲಿ ಅತ್ತಿಗೆ ತನ್ನ ಕೆಲಸ ಮುಗಿಸಿದ್ದಳು. ಅಮಾವಾಸ್ಯೆಯ ಭಯಕ್ಕೆ ಕಣಿವೆಯ ಮಾರಮ್ಮನಿಗೆ ಹರಕೆ ಹೊತ್ತು, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ನಾಣ್ಯ ಇಟ್ಟು ಮುಡುಪು ಕಟ್ಟಿದ್ದಳು. ಗಂಡ ನಾಲ್ಕು ಊರು ಸುತ್ತಿ ಸುಖವಾಗಿ ಮನೆಗೆ ಬಂದರೆ ಅಮ್ಮನಿಗೆ ಸೀರೆ ಉಡಿಸುತ್ತೇನೆ ಎಂದು ಹರಕೆ. ಮುಡುಪನ್ನು ದೇವರ ಗೂಡಿನಲ್ಲಿ ಇಡುವುದು ವಾಡಿಕೆ. ಇವಳು ಗಂಡನ ಜೊತೆಗೇ ಇರಲಿ ಎಂದು ಸೈಕಲ್ಲಿಗೆ ಕಟ್ಟಿದ್ದಳು. ಉದ್ದ ಬಟ್ಟೆ, ಕತ್ತಿನ ಬುಡಕ್ಕೆ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು. ಗೆರೆ ಇದ್ದ ಜಾಗದ ಮೇಲೇ.

"ಅತ್ತಿಗೆ, ಅದನ್ನ ಬಿಚ್ಚು. ಅದರ ಕೆಳಗೆ ಬಿರುಕೈತೆ."

ಅತ್ತಿಗೆ ಎರಡೂ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನೇ! ಹರಕೆ ತೀರೋಕೆ ಮುಂಚೆ ಮುಡುಪು ಬಿಚ್ಚಿದ್ರೆ ಮನೆ ಉಳಿಯುತ್ತಾ? ನಿನ್ನ ಬಾಯಾಗೆ ಎಂಥ ಮಾತು ಬರ್ತವೆ, ಹೊಂಡೋ ಹೊತ್ತಿಗೆ."

"ಬಾಯಾಗೆ ಬಂದಿದ್ದಲ್ಲ, ಕಣ್ಣಾರೆ ಕಂಡಿದ್ದು."

ಅಣ್ಣ ನಡುವೆ ಬಂದು, ಕಟ್ಟಿದ್ದು ಇರಲಿ ಬಿಡು ಎಂದ. ಮುಡುಪು ಇದ್ದ ಮೇಲೆ ಬಿಚ್ಚಿ ನೋಡುವ ಕೆಲಸ ತಪ್ಪಿತೆಂದು ಅವನಿಗೆ ಒಳಗೇ ಸಮಾಧಾನವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನು ಬಿಡಲಿಲ್ಲ. ಹೇಗೂ ಕಣಿವೆಯ ಮೇಲೇ ಹೋಗುವುದು, ಅಮ್ಮನ ಮುಂದೆ ನಿಂತು ಹೂವು ಕೇಳೋಣ, ಬಿಚ್ಚು ಎಂದು ಅಮ್ಮನೇ ಹೇಳಿದರೆ ಬಿಚ್ಚಬೇಕು ಎಂದೆ. ಅತ್ತಿಗೆಗೆ ಇದಕ್ಕೆ ಇಲ್ಲವೆನ್ನಲು ಆಗಲಿಲ್ಲ. ತಾನೂ ಬಸ್ಸಿನಲ್ಲಿ ಕಣಿವೆಗೆ ಬರುತ್ತೇನೆ ಎಂದಳು.

ಅಮಾವಾಸ್ಯೆ ಬೆಳಿಗ್ಗೆ ಹೊರಟೆವು. ಅಣ್ಣ ಮುಂದೆ, ನಾನು ಹಿಂದೆ. ರಸ್ತೆ ಖಾಲಿ. ಅವತ್ತು ಗಾಡಿ ಕಟ್ಟಿದವರೂ ಇಲ್ಲ, ಹೊಲದಲ್ಲಿ ಎತ್ತೂ ಇಲ್ಲ. ಕುರಿ ಹೊಡೆದುಕೊಂಡು ಹೋಗುವ ಒಬ್ಬ ಮುದುಕ ನಮ್ಮನ್ನು ನೋಡಿ ನಿಂತ. ಬಯಲಿನಲ್ಲಿ ಶಬ್ದವೇ ಇಲ್ಲದ್ದರಿಂದ ಬೂದು ಸೈಕಲ್ಲಿನ ಶಬ್ದ ಕೇಳತೊಡಗಿತು. ಅಣ್ಣ ಏರಿನಲ್ಲಿ ಹ್ಯಾಂಡಲ್ ಜಗ್ಗಿ ತುಳಿದಾಗಲೆಲ್ಲ ಕಿಟ್ ಅನ್ನುತ್ತಿತ್ತು. ಸಮದಾರಿಯಲ್ಲಿ ಸುಮ್ಮನಿರುತ್ತಿತ್ತು. ಮತ್ತೆ ಏರು ಬಂದರೆ ಕಿಟ್.

"ಕೇಳ್ತೈತಾ?" ಎಂದು ಕೂಗಿದೆ.

"ಸೀಟಿನ ಸ್ಪ್ರಿಂಗ್," ಎಂದು ಅಣ್ಣ ಹಿಂತಿರುಗದೆ ಹೇಳಿದ.

ಆ ಸೀಟಿಗೆ ಸ್ಪ್ರಿಂಗ್ ಇರಲಿಲ್ಲ. ಬರೀ ಚರ್ಮ.

ಗುಡಿಯಲ್ಲಿ ಅತ್ತಿಗೆ ಕಾಯಿ, ಹೂವು, ಕರ್ಪೂರ ಹಿಡಿದು ಕಾದಿದ್ದಳು. ಪೂಜಾರಪ್ಪ ಅಮ್ಮನ ಮೈಗೆ ನೀರಿನಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿದ. ಬಲಗಡೆಯದು ಬಿದ್ದರೆ ಬಿಚ್ಚಬಹುದು, ಎಡಗಡೆಯದು ಬಿದ್ದರೆ ಬಿಚ್ಚಬಾರದು. ಕೂತೆವು. ಹೂವು ಅಲುಗಲಿಲ್ಲ. ಅತ್ತಿಗೆ "ಕೊಡು ತಾಯಿ, ಕೊಡು ತಾಯಿ" ಎನ್ನುತ್ತಿದ್ದಳು. ಅಣ್ಣ ಮಾತ್ರ ಹೊರಗೆ ನಿಲ್ಲಿಸಿದ ಸೈಕಲ್ ಕಡೆಗೇ ನೋಡುತ್ತಿದ್ದ. ಆಮೇಲೆ ಎಡಗಡೆಯ ಎಸಳು ಜಾರಿ ಕೆಳಗೆ ಬಿತ್ತು.

"ನೋಡಿದ್ಯಾ?" ಎಂದಳು ಅತ್ತಿಗೆ ನನಗೆ.

"ನೋಡಿದೆ. ಅಮ್ಮ ಮುಡುಪು ಬಿಚ್ಚಬ್ಯಾಡ ಅಂದ್ಲು. ಸೈಕಲ್ ಹತ್ತು ಅಂತ ಅನ್ನಲಿಲ್ಲ. ಬಸ್ಸಿನ ಮ್ಯಾಲೆ ಹಾಕ್ಕೆಂಡು ಮನಿಗೆ ಹೋಗಾಣ ನಡೀರಿ."

ಪೂಜಾರಪ್ಪ ತಲೆಯಾಡಿಸಿ, "ಆಯಮ್ಮ ಹೇಳೋದೂ ಸರಿ ಐತೆ," ಎಂದ.

ಅತ್ತಿಗೆ ಗಂಡನ ಮುಖ ನೋಡಿದಳು. ಆ ಒಂದು ಗಳಿಗೆ ಅವಳೂ ಅಳುಕಿದಳು. ಅಣ್ಣ ಎದ್ದು ನಿಂತು ಪಂಚೆ ಕೊಡವಿದ. "ಹೊಸದುರ್ಗದಾಗೆ ಸಾವ್ಕಾರ್ರು ಹೋಳಿಗೆ ಮಾಡ್ಸಿ ಕಾಯ್ತಿರ್ತಾರೆ. ಬಸ್ಸಿನ ಮ್ಯಾಲೆ ಹಾಕ್ಕೆಂಡು ಹೋಗಕ್ಕೆ ಇದೇನು ಕುರಿಯಾ? ಮುಡುಪು ಕಾಯುತ್ತೆ ಬಿಡು."

ಅವನು ಹತ್ತಿದ ಮೇಲೆ ನಾನೂ ಹತ್ತಿದೆ. ಇನ್ನೇನು ಮಾಡಲಿ. ಅತ್ತಿಗೆ ಅಲ್ಲಿಂದಲೇ ಹಿರಿಯೂರಿನ ಬಸ್ ಹಿಡಿದಳು.

ಸಂಜೆಯೊಳಗೆ ಹೊಸದುರ್ಗ ಸೇರಿದೆವು. ಕೊಬ್ಬರಿ ವ್ಯಾಪಾರಿ ತೋಟದ ಬಾಗಿಲಲ್ಲೇ ನಿಂತಿದ್ದ. "ಅಮಾಸೆ ದಾಟಿಬಿಟ್ರಲ್ಲ ಮೇಸ್ತ್ರಿ! ಇನ್ನು ಯಮನಿಗೂ ನಿಮ್ಮ ಗಾಡಿ ಸಿಗಲ್ಲ," ಎಂದು ನಕ್ಕ. ಅಣ್ಣನೂ ನಕ್ಕ. ಊಟಕ್ಕೆ ಕೂತಾಗ ಅಣ್ಣ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟದ್ದನ್ನು ನಾನು ನೋಡಿದೆ. ಅವನು ಹೋಳಿಗೆ ಬಿಡುವವನಲ್ಲ.

ಬೆಳಿಗ್ಗೆ ಅವರು ಹಲ್ಲುಜ್ಜುವಾಗ ನಾನು ಬೂದು ಸೈಕಲ್ಲಿನ ಮುಂದಿನ ಚಕ್ರವನ್ನು ಎರಡು ಮಂಡಿಯ ನಡುವೆ ಹಿಡಿದು ಹ್ಯಾಂಡಲ್ ಜಗ್ಗಿದೆ. ಹಿಂದಿನ ದಿನ ಕಿಟ್ ಅನ್ನುತ್ತಿತ್ತು. ಈಗ ಅನ್ನಲಿಲ್ಲ, ಸುಮ್ಮನೆ ಒಂದಿಷ್ಟು ಬಾಗಿತು. ಅಣ್ಣ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಹಿಂದೆ ಬಂದು ನಿಂತಿದ್ದ.

"ಅಣ್ಣ, ಇವತ್ತು ಇದನ್ನ ನಾನು ಹೊಡಿತೀನಿ. ನನ್ನದು ನೀನು ತಗಾ."

"ಬ್ಯಾಡ."

"ಯಾಕೆ?"

"ನೀನು ಬಿದ್ರೆ?"

"ಮುರಿಯಲ್ಲ ಅಂತೀಯಲ್ಲ. ಮುರೀದೆ ಇರೋ ಸೈಕಲ್ಲಿಂದ ಯಾಕೆ ಬೀಳ್ತೀನಿ?"

ಅಣ್ಣ ಕಡ್ಡಿ ಉಗುಳಿದ. ನನ್ನ ಮುಖ ನೋಡಲಿಲ್ಲ. ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಗೊತ್ತಿದ್ದೂ ಹತ್ತುವವನನ್ನು ಏನು ಮಾಡುವುದು? ಎತ್ತಾದರೆ ಮೂಗುದಾರ ಹಿಡಿಯಬಹುದು.

"ನಿಧಾನಕ್ಕೆ ಹೋಗ್ತೀನಿ ಬಿಡು," ಎಂದು ಮೆಲ್ಲಗೆ ಹೇಳಿದ. "ಸಾವ್ಕಾರ್ರ ಮುಂದೆ ಏನೂ ಅನ್ನಬ್ಯಾಡ."

ಮೂವರೂ ಹೊರಟೆವು. ಹೊಳಲ್ಕೆರೆಯವರೆಗೆ ಅವನು ನಿಧಾನಕ್ಕೇ ಹೋದ. ಏರಿನಲ್ಲಿ ಇಳಿದು ತಳ್ಳಿಕೊಂಡು ನಡೆದ. ವ್ಯಾಪಾರಿ, "ಏನ್ ಮೇಸ್ತ್ರಿ, ಮೊಣಕಾಲು ಹೋದ್ವಾ?" ಎಂದು ಕಿಚಾಯಿಸಿದ. ಅಣ್ಣ ಹೌದು ಎಂದ. ಹೊಳಲ್ಕೆರೆಯಲ್ಲಿ ಮಂಡಕ್ಕಿ ತಿಂದು ಟೀ ಕುಡಿದೆವು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು, ಮುದುಕರು ಬೂದು ಸೈಕಲ್ ಸುತ್ತ ನಿಂತರು. ಇದು ಯಾವ ದೇಶದ್ದು, ಎಷ್ಟು ಹಗುರ, ಎಂದು ಎತ್ತಿ ಎತ್ತಿ ನೋಡಿದರು. ಅಣ್ಣನ ಮುಖಕ್ಕೆ ಕಳೆ ಬಂತು. ಇನ್ನು ಅವನು ಇಳಿದು ತಳ್ಳುವವನಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಚಿತ್ರದುರ್ಗದ ದಾರಿಯಲ್ಲಿ ಒಂದು ಉದ್ದ ಇಳಿಜಾರು ಬಂತು. ಕೆಳಗೆ ಮೋರಿ, ಮೋರಿಯ ಪಕ್ಕ ಕಲ್ಲಿನ ಗುಪ್ಪೆ. ವ್ಯಾಪಾರಿ ಪೆಡಲ್ ನಿಲ್ಲಿಸಿ, "ಬರ್ರಿ ಮೇಸ್ತ್ರಿ, ಮೊಣಕಾಲು ಬೇಕಿಲ್ಲ ಇದಕ್ಕೆ!" ಎಂದು ಕೂಗುತ್ತಾ ಇಳಿದ. ಅಣ್ಣನೂ ಬಿಟ್ಟ. ನಾನು "ಬ್ರೇಕ್ ಹಿಡಿ" ಎಂದು ಅರಚಿದೆ. ಹಿಡಿದ. ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಹ್ಯಾಂಡಲಿನ ಮೇಲೆ ಬೀಳುತ್ತದೆ. ಕಾಯಿ ಒಡೆದಂಥ ಶಬ್ದ ಆಯಿತು. ಹ್ಯಾಂಡಲ್ ಅವನ ಕೈಯಲ್ಲಿ, ಸೈಕಲ್ ಅವನ ಕೆಳಗೆ, ಎರಡೂ ಬೇರೆ ಬೇರೆ. ಹಾಗೇ ಸ್ವಲ್ಪ ದೂರ ಹೋದ. ಹ್ಯಾಂಡಲನ್ನು ಎದೆಗೆ ಅವಚಿಕೊಂಡಿದ್ದ, ಮಗುವನ್ನು ಹಿಡಿದ ಹಾಗೆ. ಆಮೇಲೆ ಮುಂದಿನ ಚಕ್ರ ಅಡ್ಡ ತಿರುಗಿತು, ಅವನು ಕಲ್ಲಿನ ಗುಪ್ಪೆಗೆ ಮುಖ ಕೊಟ್ಟು ಬಿದ್ದ.

ಹತ್ತಿರ ಹೋಗುವಾಗ ಸತ್ತಿದ್ದಾನೆ ಎಂದುಕೊಂಡೇ ಹೋದೆ. ಸತ್ತಿರಲಿಲ್ಲ. ದವಡೆ ಒಂದು ಕಡೆಗೆ ಜರುಗಿತ್ತು, ಹಲ್ಲು ನಾಲಿಗೆ ಒಂದಾಗಿತ್ತು, ತೋಳಿನ ಮೂಳೆ ಹೊರಗೆ ಬಂದಿತ್ತು. ಕಲ್ಲು ಸಾಗಿಸುವ ಟೆಂಪೋ ಒಂದು ಸಿಕ್ಕಿತು. ಅಣ್ಣನನ್ನೂ ಮೂರು ಸೈಕಲ್ಲನ್ನೂ ಅದರಲ್ಲೇ ಹಾಕಿ ಚಿತ್ರದುರ್ಗದ ಆಸ್ಪತ್ರೆಗೆ ತಂದೆವು.

ಸುದ್ದಿ ಮುಟ್ಟಿ ಸಂಜೆ ಅತ್ತಿಗೆ ಬಂದಳು. ಮೊದಲು ಗಂಡನನ್ನು ನೋಡಿ ಅತ್ತಳು, ಆಮೇಲೆ ಸೈಕಲ್ ನೋಡಿದಳು. ಕತ್ತು ಬುಡದಲ್ಲಿ ಎರಡು ತುಂಡಾಗಿತ್ತು. ಮುಡುಪಿನ ಬಟ್ಟೆ ಮಾತ್ರ ಹರಿದಿರಲಿಲ್ಲ, ಗಂಟೂ ಸಡಿಲವಾಗಿರಲಿಲ್ಲ. ಕತ್ತು ಮುರಿದ ಜಾಗವನ್ನು ನಾನು ತೋರಿಸಿದೆ. ಒಂದು ಅಂಚು ಹೊಳೆಯುತ್ತಿತ್ತು, ಅದು ಅವತ್ತು ಮುರಿದದ್ದು. ಉಳಿದದ್ದೆಲ್ಲ ಕರ್ರಗೆ ಮಾಸಿತ್ತು, ಅದು ಎಂದೋ ಬಿಟ್ಟಿದ್ದ ಬಿರುಕು. ಅಷ್ಟು ದಿನ ಹೊಳೆಯುವ ಆ ಅಂಚೊಂದೇ ಅವನನ್ನು ಹೊತ್ತಿತ್ತು.

ಅತ್ತಿಗೆ ಅದನ್ನು ನೋಡಲಿಲ್ಲ. ಮುಡುಪನ್ನು ಕಣ್ಣಿಗೆ ಒತ್ತಿಕೊಂಡು, "ಇದಿದ್ದಕ್ಕೇ ಜೀವ ಉಳೀತು ಕಣೇ," ಎಂದಳು.

ವ್ಯಾಪಾರಿ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಈ ಮಾತು ಕೇಳಿ ತಲೆ ಎತ್ತಿದ. "ಹೌದವ್ವ, ಕಣ್ಣಾರೆ ನೋಡಿದೆನಲ್ಲ. ಆ ಇಳಿಜಾರಾಗೆ ಬಿದ್ದೋರು ಬದುಕ್ತಾರಾ? ನಂದೂ ಅದೇ ಥರದ ಕತ್ತು. ನಾಳೆ ಊರಿಗೆ ಹೋಗ್ತಾ ಕಣಿವೆ ಮ್ಯಾಲೇ ಸುತ್ತಿ ಹೋಗ್ತೀನಿ, ನಾನೂ ಒಂದು ಮುಡುಪು ಕಟ್ಟಿಸ್ತೀನಿ."

"ಹೆಂಗೆ ಹೋಗ್ತೀರಿ ಸಾವ್ಕಾರ್ರೆ?" ಎಂದೆ.

"ಹೆಂಗೆ ಅಂದ್ರೆ? ಸೈಕಲ್ ಐತಲ್ಲ ತಂಗ್ಯವ್ವ. ನಂದಕ್ಕೇನಾಗೈತೆ?"

"ನಿಮ್ಮದೂ ಇದೇ ಥರ ಮುರಿದ್ರೆ?"

"ಅದಕ್ಕೇ ಮುಡುಪು," ಎಂದ. ತಮಾಷೆಗೆ ಹೇಳಿದ್ದಲ್ಲ.

ಅತ್ತಿಗೆ ಹೂಂ ಎಂದು ತಲೆಯಾಡಿಸಿದಳು. ಮಂಚದ ಮೇಲೆ ಅಣ್ಣನ ದವಡೆಗೆ ಕಟ್ಟು ಹಾಕಿದ್ದರು, ಅವನಿಗೆ ಮಾತು ಬರುವ ಹಾಗಿರಲಿಲ್ಲ. ಕಣ್ಣು ತೆರೆದಿತ್ತು. ನಾನು ಅವನನ್ನು ನೋಡಿದೆ, ಅವನು ಗೋಡೆ ನೋಡಿದ.

ಅಣ್ಣ ಆಮೇಲೆ ಒಂಬತ್ತು ವರ್ಷ ಬದುಕಿದ. ದವಡೆ ಸೊಟ್ಟಗೇ ಉಳಿಯಿತು, ರೊಟ್ಟಿ ತಿನ್ನಲಾಗಲಿಲ್ಲ, ಬಲಗೈ ಭುಜದ ಮೇಲೆ ಏಳಲಿಲ್ಲ. ಸೈಕಲ್ ಹತ್ತಲಿಲ್ಲ. ಪಡಸಾಲೆಯ ಸೈಕಲ್‌ಗಳು ಒಂದೊಂದಾಗಿ ಹೋದವು. ಅಮಾವಾಸ್ಯೆಯಂದು ಹೊರಟದ್ದಕ್ಕೆ ಹೀಗಾಯಿತು ಎಂದು ಕೆಲವರು, ಮುಡುಪು ಬಿಚ್ಚಬೇಕೆಂದು ಅಮ್ಮನನ್ನು ಪರೀಕ್ಷೆ ಮಾಡಿದ್ದಕ್ಕೆ ಎಂದು ಕೆಲವರು. ಬಿರುಕು ಇತ್ತು ಎಂದು ಹೇಳಿದವಳು ನಾನೊಬ್ಬಳೇ. ಆ ದಿನ ಬೇಕು ಬೇಕೆಂದೇ ಬಿರುಕು ಹುಡುಕಿದಳು, ಬಾಯಿ ಕೆಟ್ಟದ್ದು, ಎಂದು ಅತ್ತಿಗೆ ಸಾಯುವವರೆಗೂ ನನ್ನ ಮೇಲೆ ಹೇಳುತ್ತಿದ್ದಳು. ಹೇಳಿಕೊಳ್ಳಲಿ.

ಅಣ್ಣ ಬಿದ್ದ ಮರುದಿನ ಬೆಳಿಗ್ಗೆ ವ್ಯಾಪಾರಿ ಇನ್ನೂ ಆಸ್ಪತ್ರೆಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ನಾನು ಸ್ಪ್ಯಾನರ್ ತೆಗೆದುಕೊಂಡು ಸೈಕಲ್ ನಿಲ್ಲಿಸಿದ್ದ ಕಡೆ ಹೋದೆ. ಅವನ ಸೈಕಲ್ಲಿನ ಬ್ರೇಕ್ ತಂತಿ ಬಿಡಿಸಿದೆ. ಕತ್ತಿನ ಮೇಲಿನ ಬೋಲ್ಟ್ ಸಡಿಲ ಮಾಡಿ ಕಲ್ಲಿನಿಂದ ಅದರ ತಲೆಗೆ ಬಡಿದೆ. ಒಳಗಿನ ಬೆಣೆ ಕಳಚಿತು. ಹ್ಯಾಂಡಲನ್ನು ಕತ್ತಿನ ಸಮೇತ ಎಳೆದು ತೆಗೆದೆ. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದೆ. ಗೆರೆ ಕಾಣಲಿಲ್ಲ. ಉಗುರೂ ಎಲ್ಲೂ ಸಿಗಲಿಲ್ಲ. ಆದರೂ ಅದನ್ನು ನನ್ನ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗ ಹಾಕಿ ಕಟ್ಟಿದೆ. ಟೀ ಮಾರುವವನು, "ಏನಮ್ಮ, ಯಾರ್ದದು?" ಎಂದ. "ಅಲ್ಲಿ ಮಲಗಿರೋರ್ದು. ಎದ್ದ ಮ್ಯಾಲೆ ಬಸ್ ಸ್ಟ್ಯಾಂಡ್ ಎಲ್ಲೈತೆ ಅಂತ ತೋರ್ಸಪ್ಪ," ಎಂದು ಹೇಳಿ ಹಿರಿಯೂರಿನ ದಾರಿ ಹಿಡಿದೆ.